ಸುಣ್ಣ ಬಳಿದ ನ್ಯಾಯತೀರ್ಪಿನ ಹಲಗೆಗಳು

ಇಂಗ್ಲೆಂಡ್ ದೇಶದ ಮೂಡಲ ಭಾಗದಲ್ಲಿ ಸಫೊಕ್ ಎಂಬದೊಂದು ಸೀಮೆ ಇದೆ. ಅದರಲ್ಲಿ ಸಮುದ್ರತೀರಕ್ಕೆ ಸ್ವಲ್ಪ ಒಳಗಾಗಿ ವೆನ್‌ಹ್ಯಾಸ್ಟನ್ ಎಂಬ ಸಣ್ಣ ಗ್ರಾಮವೂ, ಆ ಗ್ರಾಮದಲ್ಲಿ ಅಪೊಸ್ತಲನಾದ ಪೇತ್ರನ ಹೆಸರನ್ನು ಹೊತ್ತಿರುವ ಹಳೆಯ ದೇವಾಲಯವೂ ಉಂಟು. 1892ರಲ್ಲಿ ಆ ದೇವಾಲಯದ ಜೀರ್ಣೋದ್ಧಾರವು ನಡೆಯುತ್ತಿದ್ದಾಗ, ಸಭಿಕರು ಕೂಡುವ ಭಾಗಕ್ಕೂ ಕರ್ತನ ಮೇಜಿರುವ ಭಾಗಕ್ಕೂ ನಡುವಣ ಕಮಾನಿನ ಮೇಲ್ಭಾಗವನ್ನು ಮುಚ್ಚಿಕೊಂಡಿದ್ದ ಕೆಲವು ಓಕ್ ಮರದ ಹಲಗೆಗಳನ್ನು ಕೆಲಸಗಾರರು ಬಿಚ್ಚಿ ತೆಗೆದರು. ಅವು ಸುಣ್ಣ ಬಳಿದ ಹಳೆಯ ಹಲಗೆಗಳು. ಅವುಗಳಿಂದ ಇನ್ನು ಯಾವ ಪ್ರಯೋಜನವೂ ಇಲ್ಲವೆಂದು ಎಣಿಸಿ, ಸುಟ್ಟುಬಿಡುವುದಕ್ಕಾಗಿ ಅವುಗಳನ್ನು ಹೊರಗೆ ಸಮಾಧಿಗಳ ನಡುವೆ ಹಾಕಿದರು. ಆ ರಾತ್ರಿ ಮಳೆ ಸುರಿಯಿತು. ಬೆಳಗಾದಾಗ ಸುಣ್ಣವು ಕರಗಿ ಹರಿದುಹೋಗಿತ್ತು. ಹಲಗೆಗಳ ಮೇಲೆ ಮನುಷ್ಯರ ಮುಖಗಳೂ ದೇವದೂತರ ರೆಕ್ಕೆಗಳೂ ಕಾಣಿಸಿಕೊಂಡವು.

ಪ್ರಿಯ ವಾಚಕರೇ, ಈ ಸಂಗತಿಯನ್ನು ನಾವು ಕೌತುಕಕ್ಕಾಗಿ ಮಾತ್ರ ಇಲ್ಲಿ ಬರೆಯುತ್ತಿಲ್ಲ. ಅದರೊಳಗೆ ಅಡಗಿರುವ ಒಂದು ಪ್ರಶ್ನೆಯು ನಮ್ಮನ್ನು ಕೆಲವು ಕಾಲದಿಂದ ಬಿಡದೆ ಕಾಡುತ್ತಿದೆ. ಆ ಚಿತ್ರವನ್ನು ಬರೆಯಿಸಿದವರು ಆ ಊರಿನ ಜನರು. ಕೆಲವು ದಶಕಗಳಾದ ಮೇಲೆ ಅದಕ್ಕೆ ಸುಣ್ಣ ಬಳಿಸಿದವರೂ ಆ ಊರಿನವರೇ. ತಂದೆಗಳು ಭಕ್ತಿಯಿಂದ ಮಾಡಿದ್ದನ್ನು ಮಕ್ಕಳು ತಪ್ಪೆಂದು ತಿಳಿದುಕೊಂಡಾಗ, ಅದನ್ನು ಅವರು ಏನು ಮಾಡತಕ್ಕದ್ದು? ಒಡೆಯಬೇಕೋ, ಮುಚ್ಚಬೇಕೋ, ಇದ್ದ ಹಾಗೆಯೇ ಇರಗೊಡಬೇಕೋ? ಮತ್ತು ಅದು ತಪ್ಪೆಂದು ನಿಶ್ಚಯಿಸುವವನು ಯಾರು?

ಮೊದಲು ಆ ಕಟ್ಟಡದ ರೀತಿಯನ್ನು ಹೇಳಬೇಕು. ಇಲ್ಲದಿದ್ದರೆ ಹಲಗೆಗಳು ಅಲ್ಲಿ ಯಾಕಿದ್ದವೆಂಬದು ತಿಳಿಯದು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಪ್ರತಿಯೊಂದು ಊರಿನ ಸೀಮೆಗೂ ಒಂದು ಪ್ಯಾರಿಷ್ ದೇವಾಲಯವಿತ್ತು. ಅದು ಸಾಮಾನ್ಯವಾಗಿ ಪಡುವಲಿನಿಂದ ಮೂಡಲಿಗೆ ಉದ್ದವಾಗಿರುವ ಕಟ್ಟಡ. ಪಡುವಲ ಭಾಗವು ಸಭಿಕರದು. ಅದರ ರಿಪೇರಿಯ ಖರ್ಚನ್ನು ಅವರೇ ಹೊರಬೇಕು. ಮೂಡಲ ಭಾಗವು ಯಾಜಕನದು. ಊರಿನವರ ಬೆಳೆಯಿಂದ ದಶಮಭಾಗವನ್ನು ತೆಗೆದುಕೊಳ್ಳುವವನು ಅದನ್ನು ದುರಸ್ತಿಯಲ್ಲಿಡಬೇಕು. ಈ ಪದ್ಧತಿಯು 13ನೆಯ ಶತಮಾನದಿಂದಲೂ ನಡೆದುಬಂದದ್ದು. (ಹಂಚು ಒಡೆದಾಗ ಯಾರು ಕಟ್ಟಿಸಬೇಕೆಂಬ ಜಗಳವು ನಮ್ಮ ಸಭೆಗಳಲ್ಲಿ ಮಾತ್ರ ಇರುವುದೆಂದು ತಿಳಿದಿದ್ದವರಿಗೆ ಇದು ಸಮಾಧಾನವನ್ನು ಕೊಟ್ಟೀತು.) ಈ ಎರಡು ಭಾಗಗಳ ನಡುವೆ ಕೆತ್ತನೆಯ ಮರದ ತೆರೆಯೂ, ಅದರ ಮೇಲೆ ಒಂದು ಅಟ್ಟವೂ, ಅಟ್ಟದ ಮೇಲೆ ಶಿಲುಬೆಗೆ ಹಾಕಲ್ಪಟ್ಟ ಕ್ರಿಸ್ತನ ದೊಡ್ಡ ಪ್ರತಿಮೆಯೂ, ಅದರ ಎಡಬಲಗಳಲ್ಲಿ ಮರಿಯಳ ಮತ್ತು ಯೋಹಾನನ ಪ್ರತಿಮೆಗಳೂ ಇದ್ದವು. ಶಿಲುಬೆಗೆ ಹಳೆಯ ಇಂಗ್ಲಿಷಿನಲ್ಲಿ ರೂಡ್ ಎಂದು ಹೆಸರಾದ್ದರಿಂದ ಆ ಪ್ರತಿಮೆಗಳಿಗೂ ಆ ಅಟ್ಟಕ್ಕೂ ಅದೇ ಹೆಸರು ಬಂತು. ಆ ಪ್ರತಿಮೆಗಳ ಹಿಂದೆ, ಕಮಾನಿನ ಸುತ್ತ ಅಥವಾ ಕಮಾನನ್ನು ಮುಚ್ಚಿದ ಹಲಗೆಗಳ ಮೇಲೆ, ಕಡೇ ದಿನದ ನ್ಯಾಯತೀರ್ಪಿನ ಚಿತ್ರವನ್ನು ಬರೆಯಿಸುವುದು ವಾಡಿಕೆಯಾಗಿತ್ತು. ಸಭೆಯಲ್ಲಿ ನಿಂತವನು ಕಣ್ಣೆತ್ತಿದಾಗಲೆಲ್ಲಾ ಶಿಲುಬೆಯನ್ನೂ ಅದರ ಹಿಂದೆ ನ್ಯಾಯಾಸನವನ್ನೂ ಒಟ್ಟಿಗೆ ಕಾಣುವನು.

ವೆನ್‌ಹ್ಯಾಸ್ಟನಿನ ಚಿತ್ರವು ಸುಮಾರು 1500ರ ಆಚೀಚೆ ಬರೆಯಲ್ಪಟ್ಟದ್ದು. ಅದರ ಅಗಲ 17 ಅಡಿಗೆ ಮೇಲೆ, ಎತ್ತರ ಎಂಟೂವರೆ ಅಡಿ. ಕ್ರಿಸ್ತನು ಮಳೆಬಿಲ್ಲಿನ ಮೇಲೆ ಕುಳಿತಿದ್ದಾನೆ. ಆತನ ಮುಂದೆ ಮರಿಯಳೂ ಸ್ನಾನಿಕನಾದ ಯೋಹಾನನೂ ಮೊಣಕಾಲೂರಿದ್ದಾರೆ. ಕೆಳಗೆ ಒಂದು ಕಡೆಯಲ್ಲಿ ಪೇತ್ರನು ಬೀಗದ ಕೈಯನ್ನು ಹಿಡಿದು ಸತ್ತು ಎದ್ದವರನ್ನು ಬರಮಾಡಿಕೊಳ್ಳುತ್ತಾನೆ. ನಡುವೆ ಪ್ರಧಾನ ದೂತನಾದ ಮಿಕಾಯೇಲನು ತಕ್ಕಡಿಯಲ್ಲಿ ಆತ್ಮಗಳನ್ನು ತೂಗುತ್ತಾನೆ, ಅವನೆದುರಿಗೆ ಸೈತಾನನು ತನ್ನ ಪಾಲಿಗಾಗಿ ಕಾದು ನಿಂತಿದ್ದಾನೆ. ಇನ್ನೊಂದು ಕಡೆಯಲ್ಲಿ ದೊಡ್ಡ ಮೃಗದ ಬಾಯಂತೆ ನರಕವು ತೆರೆದುಕೊಂಡಿದೆ, ನಾಶಕ್ಕೆ ಹೋಗುವವರು ಸರಪಣಿಯೊಳಗೆ ಸಿಕ್ಕಿಕೊಂಡಿದ್ದಾರೆ. ಚಿತ್ರಗಾರನು ಮಹಾನಿಪುಣನೇನಲ್ಲ. ಊರುಕೇರಿಯ ಕೈಕೆಲಸ ಅದು. ಮುಖಗಳು ದುಂಡಗೆ, ಕೈಕಾಲುಗಳು ಬಿರುಸಾಗಿ ಇವೆ. ಆದರೆ ಒಂದು ಸಂಗತಿಯನ್ನು ಅವನು ಮರೆಯಲಿಲ್ಲ. ಪೇತ್ರನ ಮುಂದೆ ನಿಂತವರೊಳಗೆ ಅರಸನೂ ಬಿಷಪ್ಪನೂ ಇದ್ದಾರೆ. ಅವರ ತಲೆಯ ಮೇಲೆ ಕಿರೀಟವೂ ಮುಕುಟವೂ ಇದ್ದರೂ ಮೈಮೇಲೆ ಒಂದು ನೂಲೂ ಇಲ್ಲ. ಹೊಲ ಉಳುವವನು ಹೇಗೋ ಹಾಗೆಯೇ ಬೆತ್ತಲೆಯಾಗಿ ನಿಂತಿದ್ದಾರೆ.

ಇಂಥ ಚಿತ್ರಗಳು ಬೇರೆ ಊರುಗಳಲ್ಲಿಯೂ ಉಂಟು. ಸಾಲ್ಸ್‌ಬರಿ ಪಟ್ಟಣದಲ್ಲಿ ತೋಮನ ಹೆಸರಿನ ದೇವಾಲಯದ ಕಮಾನಿನ ಮೇಲೆ ಸುಮಾರು 1475ರಲ್ಲಿ ಬರೆದ ನ್ಯಾಯತೀರ್ಪಿನಲ್ಲಿ ಒಬ್ಬ ಬಿಷಪ್ಪನು ನರಕದ ಕಡೆಗೇ ಹೋಗುತ್ತಾನೆ. ಅವನ ಸಂಗಡ, ಗಿರಾಕಿಗಳಿಗೆ ಮೋಸ ಮಾಡಿ ಮದ್ಯವನ್ನು ಮಾರಿದ ಒಬ್ಬ ಹೆಂಗಸೂ ಇದ್ದಾಳೆ. ಅದಕ್ಕೂ 1593ರಲ್ಲಿ ಸುಣ್ಣ ಬಳಿದರು. 1819ರಲ್ಲಿ ಅದು ಬೆಳಕಿಗೆ ಬಂತು. ಕೂಡಲೇ ಮತ್ತೆ ಬಳಿದುಬಿಟ್ಟರು. 1881ರಲ್ಲಿ ಮಾತ್ರ ಪೂರ್ತಿಯಾಗಿ ತೆರೆದರು.

ಇನ್ನು ಸುಣ್ಣದ ಕಥೆಗೆ ಬರೋಣ. ಎಂಟನೆಯ ಹೆನ್ರಿಯು 1534ರಲ್ಲಿ ಪಾರ್ಲಿಮೆಂಟಿನ ಶಾಸನದಿಂದ ಇಂಗ್ಲೆಂಡಿನ ಸಭೆಗೆ ತಾನೇ ಶಿರಸ್ಸೆಂದು ಹೇಳಿಸಿಕೊಂಡನು. 1547ರಲ್ಲಿ ಅವನು ಸಾಯಲು, ಒಂಭತ್ತು ವರುಷದ ಹುಡುಗನಾದ ಆರನೆಯ ಎಡ್ವರ್ಡನು ಪಟ್ಟಕ್ಕೆ ಬಂದನು. 1548ರಲ್ಲಿ ದೇವಾಲಯಗಳೊಳಗಿನ ಪ್ರತಿಮೆಗಳನ್ನೆಲ್ಲಾ ತೆಗೆದುಬಿಡಬೇಕೆಂದು ಅವನ ಮಂತ್ರಿಸಭೆಯು ಆಜ್ಞಾಪಿಸಿತು. ವೆನ್‌ಹ್ಯಾಸ್ಟನಿನಲ್ಲಿ ಶಿಲುಬೆಯ ಪ್ರತಿಮೆಗಳನ್ನು ಕಿತ್ತರು. ಹಿಂದಿನ ಚಿತ್ರಕ್ಕೆ ಸುಣ್ಣ ಬಳಿದರು. ಸುಣ್ಣದ ಮೇಲೆ ಇಂಗ್ಲಿಷಿನಲ್ಲಿ ಸತ್ಯವೇದದ ವಚನಗಳನ್ನು ಬರೆಯಿಸಿದರು. ಯಾವ ವಚನಗಳು? ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯದ ಮೊದಲನೆಯವು. ಪ್ರತಿಮನುಷ್ಯನೂ ಮೇಲಿನ ಅಧಿಕಾರಿಗಳಿಗೆ ಅಧೀನನಾಗಿರಬೇಕು, ಅವರನ್ನು ಎದುರಿಸುವವನು ದೇವರ ನೇಮಕವನ್ನು ಎದುರಿಸುತ್ತಾನೆ ಎಂಬರ್ಥವುಳ್ಳ ಮಾತುಗಳು.

ಇದನ್ನು ಮೊದಲು ತಿಳಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಅರಸನು ಬೆತ್ತಲೆಯಾಗಿ ನ್ಯಾಯಾಸನದ ಮುಂದೆ ನಿಂತಿರುವ ಚಿತ್ರದ ಮೇಲೆಯೇ ಅರಸನಿಗೆ ಅಧೀನರಾಗಿರಿ ಎಂಬ ಮಾತನ್ನು ಬರೆಯಲಾಯಿತು! ಆ ವಚನಗಳನ್ನು ಆರಿಸಿದವನ ಮನಸ್ಸಿನಲ್ಲಿ ಏನಿತ್ತೋ ನಾವು ಹೇಳಲಾರೆವು. ಕಪಟವಿತ್ತೆಂದು ಹೇಳುವುದಕ್ಕೆ ನಮಗೆ ಅಧಿಕಾರವಿಲ್ಲ. ಬಾಬೆಲಿನಲ್ಲಿ ಬೇಲ್ಶಚ್ಚರನ ಅರಮನೆಯ ಸುಣ್ಣದ ಗೋಡೆಯ ಮೇಲೆ ಒಂದು ಕೈ ಕಾಣಿಸಿಕೊಂಡು ಬರೆದಾಗ, ಆ ಬರಹವು ಅರಸನನ್ನೇ ತಕ್ಕಡಿಯಲ್ಲಿ ತೂಗಿತು. ಇಲ್ಲಿ ಸುಣ್ಣದ ಮೇಲಿನ ಬರಹವು ತಕ್ಕಡಿಯನ್ನೇ ಮರೆಮಾಡಿತು.

ಆದರೂ ಅವಸರದಿಂದ ತೀರ್ಪು ಹೇಳಬಾರದು. ಸುಣ್ಣ ಬಳಿದವರ ಪಕ್ಷದಲ್ಲಿ ಹೇಳತಕ್ಕದ್ದು ಬಹಳವಿದೆ. ಆ ಗ್ರಾಮದ ಜನರು ಅದುವರೆಗೆ ಲತೀನ್ ಭಾಷೆಯ ಆರಾಧನೆಯನ್ನು ಕೇಳಿ ಬಂದವರು. ಇಂಗ್ಲಿಷ್ ಸತ್ಯವೇದವನ್ನು ಪ್ರತಿ ದೇವಾಲಯದಲ್ಲಿಯೂ ಇಡಬೇಕೆಂಬ ಆಜ್ಞೆಯು 1538ರಲ್ಲಿ ಮಾತ್ರ ಹೊರಟಿತು. ತಾಯಿಭಾಷೆಯಲ್ಲಿ ದೇವರ ವಾಕ್ಯವು ದೇವಾಲಯದ ನಡುವೆ ಎಲ್ಲರ ಕಣ್ಣಿಗೆ ಬೀಳುವಂತೆ ಬರೆದಿರುವುದನ್ನು ಅವರು ಕಂಡದ್ದು ಅಲ್ಪ ವಿಷಯವಲ್ಲ. ಅದರ ಬೆಲೆಯು ಕನ್ನಡದಲ್ಲಿ ವೇದವನ್ನು ಓದುವ ನಮಗೆ ಗೊತ್ತೇ ಇದೆ. ಮತ್ತು ಪ್ರತಿಮೆಗಳ ಮುಂದೆ ದೀಪ ಹಚ್ಚಿ ಮೊಣಕಾಲೂರುತ್ತಿದ್ದವರೊಳಗೆ ಎಷ್ಟೋ ಮಂದಿ, ಕ್ರಿಸ್ತನಲ್ಲಿ ಇಡಬೇಕಾದ ಭರವಸವನ್ನು ಮರದಲ್ಲಿ ಇಟ್ಟಿದ್ದರೆಂಬದೂ ನಿಜವೇ. ಹಿಜ್ಕೀಯನು ಹಿತ್ತಾಳೆಯ ಸರ್ಪವನ್ನು ಒಡೆದುಹಾಕಿದ್ದನ್ನು ನಮ್ಮ ವಾಚಕರು ಬಲ್ಲರು. ಆ ಸರ್ಪವನ್ನು ಮಾಡಿದವನು ಯಾರೋ ಅನ್ಯನಲ್ಲ, ಮೋಶೆಯು. ಅದೂ ದೇವರ ಅಪ್ಪಣೆಯಿಂದಲೇ. ಆದರೂ ಜನರು ಅದಕ್ಕೆ ಧೂಪ ಹಾಕತೊಡಗಿದಾಗ ಅದು ಉಳಿಯತಕ್ಕದ್ದಲ್ಲವೆಂದು ಅರಸನು ಕಂಡನು. ತಂದೆಗಳ ಕೈಕೆಲಸವು ಎಷ್ಟೇ ಪೂಜ್ಯವಾಗಿದ್ದರೂ ಮಕ್ಕಳ ಆತ್ಮಕ್ಕೆ ಉರುಲಾದರೆ ಅದನ್ನು ತೆಗೆದುಹಾಕುವ ಹಕ್ಕು ಮಕ್ಕಳಿಗೆ ಉಂಟೆಂಬದಕ್ಕೆ ಇದಕ್ಕಿಂತ ದೃಢವಾದ ದೃಷ್ಟಾಂತವು ಬೇಕಾಗಿಲ್ಲ.

ಇನ್ನೊಂದು ಪಕ್ಷವೂ ಹಳೆಯದೇ. ಸುಮಾರು 600ರಲ್ಲಿ ಮಾರ್ಸೇಲ್ಸ್ ಪಟ್ಟಣದ ಬಿಷಪ್ಪನಾದ ಸೆರೇನನು ತನ್ನ ದೇವಾಲಯಗಳಲ್ಲಿದ್ದ ಚಿತ್ರಗಳನ್ನು ಒಡೆಯಿಸಿದಾಗ, ರೋಮಿನ ಬಿಷಪ್ಪನಾದ ಗ್ರೆಗೊರಿಯು ಅವನಿಗೆ ಪತ್ರ ಬರೆದನು. ಚಿತ್ರಗಳನ್ನು ಪೂಜಿಸಬಾರದೆಂದು ತಡೆದದ್ದು ಒಳ್ಳೇದು, ಒಡೆದದ್ದು ಒಳ್ಳೇದಲ್ಲ. ಓದಬಲ್ಲವನು ಪುಸ್ತಕದಿಂದ ಕಲಿಯುವುದನ್ನು ಓದಲಾರದವನು ಗೋಡೆಯ ಚಿತ್ರದಿಂದ ಕಲಿಯುತ್ತಾನೆ ಎಂಬದು ಅವನ ಅಭಿಪ್ರಾಯ. ವೆನ್‌ಹ್ಯಾಸ್ಟನಿನಲ್ಲಿ ಇದನ್ನು ಯೋಚಿಸಿ ನೋಡಿರಿ. 16ನೆಯ ಶತಮಾನದ ಹಳ್ಳಿಗಳಲ್ಲಿ ಅಕ್ಷರ ಬಲ್ಲವರು ಕೆಲವರೇ. ಹಲಗೆಯ ಮೇಲೆ ವಚನ ಬಂತು. ಅದನ್ನು ಓದಿ ಅರ್ಥ ಹೇಳುವವನ ಬಾಯನ್ನೇ ಉಳಿದವರು ನೋಡಬೇಕಾಯಿತು. ಮುಂಚೆ ದನ ಕಾಯುವ ಹುಡುಗನೂ, ಅರಸನು ಬೆತ್ತಲೆ ನಿಂತಿದ್ದಾನೆ, ಎಂದು ತನ್ನ ಕಣ್ಣಿನಿಂದಲೇ ತಿಳಿದುಕೊಳ್ಳುತ್ತಿದ್ದನು.

ಒಡೆಯುವುದಕ್ಕೂ ಮುಚ್ಚುವುದಕ್ಕೂ ಭೇದವುಂಟೆಂದು ನಾವು ಎಣಿಸುತ್ತೇವೆ. ಷೇಕ್ಸ್‌ಪಿಯರ್ ಕವಿಯ ತಂದೆಯಾದ ಜಾನ್ ಷೇಕ್ಸ್‌ಪಿಯರನು ಸ್ಟ್ರಾಟ್‌ಫರ್ಡ್ ಪಟ್ಟಣದ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಒಬ್ಬನಾಗಿದ್ದಾಗ, ಅಲ್ಲಿಯ ಗಿಲ್ಡ್ ಪ್ರಾರ್ಥನಾಲಯದ ಚಿತ್ರಗಳನ್ನು ಕೆಡಿಸುವುದಕ್ಕೆ 2 ಶಿಲ್ಲಿಂಗ್ ಖರ್ಚಾಯಿತೆಂದು 1564ರ ಜನವರಿಯಲ್ಲಿ ಒಪ್ಪಿಸಿದ ಲೆಕ್ಕದಲ್ಲಿ ಬರೆದಿದೆ. ಕೆಡಿಸುವುದೆಂದು ಬರೆದಿದ್ದರೂ ಮಾಡಿದ್ದು ಹೆಚ್ಚಾಗಿ ಸುಣ್ಣ ಬಳಿದದ್ದೇ. 1804ರಲ್ಲಿ ಅಲ್ಲಿಯೂ ಸುಣ್ಣದಡಿಯಲ್ಲಿ ನ್ಯಾಯತೀರ್ಪಿನ ಚಿತ್ರವು ಸಿಕ್ಕಿತು. ಬಡ ಸಭೆಗಳಿಗೆ ಸುಣ್ಣವು ಅಗ್ಗವಾದದ್ದು, ಅದೊಂದು ಕಾರಣ. ಇನ್ನೊಂದು ಕಾರಣವೂ ಇರಬಹುದೆಂದು ನಮ್ಮ ಮನಸ್ಸಿಗೆ ತೋರುತ್ತದೆ. ತನ್ನ ತಂದೆಯು ಬೆವರು ಸುರಿಸಿ ಕೊಟ್ಟ ಕಾಸಿನಿಂದ ಆದ ಚಿತ್ರಕ್ಕೆ ಕೊಡಲಿ ಹಾಕಲಾರದೆ, ಹೊದಿಕೆ ಹೊದಿಸಿ ಮಲಗಿಸಿದಂತೆ ಮುಚ್ಚಿಟ್ಟವರೂ ಇದ್ದಿರಬಹುದು. ಲಾಂಗ್ ಮೆಲ್ಫರ್ಡ್ ಎಂಬ ಸಫೊಕಿನ ಮತ್ತೊಂದು ಊರಿನಲ್ಲಿ, ಜ್ಞಾನಿಗಳು ಶಿಶುವಾದ ಯೇಸುವನ್ನು ಆರಾಧಿಸುವುದನ್ನು ಕೆತ್ತಿದ ಬಿಳೀ ಶಿಲೆಯ ಫಲಕವೊಂದು ದೇವಾಲಯದ ನೆಲದ ಕೆಳಗೆ ಹೂಳಿಟ್ಟದ್ದು 18ನೆಯ ಶತಮಾನದಲ್ಲಿ ದೊರಕಿತು. ಅದನ್ನು ಹೂಳಿದವನು ಒಡೆಯುವವರಿಂದ ತಪ್ಪಿಸುವುದಕ್ಕೇ ಹೂಳಿರಬೇಕು.

ಒಡೆದವರೂ ಇದ್ದರು. ನೂರು ವರುಷ ಕಳೆದ ಮೇಲೆ, ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿದ್ದಾಗ, ವಿಲಿಯಂ ಡೌಸಿಂಗ್ ಎಂಬವನು ಅಧಿಕಾರಪತ್ರವನ್ನು ಪಡೆದು 1643ರ ಕೊನೆಯಿಂದ 1644ರವರೆಗೆ ಕೇಂಬ್ರಿಡ್ಜ್ ಮತ್ತು ಸಫೊಕ್ ಸೀಮೆಗಳ ಸುಮಾರು 250 ದೇವಾಲಯಗಳನ್ನು ಸುತ್ತಿ, ಗಾಜಿನ ಚಿತ್ರಗಳನ್ನೂ ಕೆತ್ತನೆಗಳನ್ನೂ ಒಡೆಯಿಸಿದನು. ಎಲ್ಲಿ ಎಷ್ಟು ಒಡೆದೆನೆಂದು ದಿನಚರಿಯನ್ನೂ ಇಟ್ಟನು. ಸಭೆಗಳಿಂದ 6 ಶಿಲ್ಲಿಂಗ್ 8 ಪೆನ್ಸ್ ಎಂಬ ಸಂಬಳವನ್ನೂ ತೆಗೆದುಕೊಂಡನು. ಸಭೆಯವರೇ ಕೂಲಿ ಕೊಟ್ಟು ತಮ್ಮ ಕಿಟಕಿಗಳನ್ನು ಒಡೆಯಿಸಿಕೊಳ್ಳಬೇಕಾಯಿತು! ಅಫರ್ಡ್ ಎಂಬ ಊರಿನಲ್ಲಿ ಸಭೆಯ ಹಿರಿಯರು ಬೀಗದ ಕೈಯನ್ನು ಕೊಡದೆ ಅವನನ್ನು ಬಹಳ ಹೊತ್ತು ಬಾಗಲಲ್ಲಿಯೇ ನಿಲ್ಲಿಸಿದರು. ಆ ಊರಿನ ದೀಕ್ಷಾಸ್ನಾನದ ತೊಟ್ಟಿಯ ಮೇಲೆ 18 ಅಡಿ ಎತ್ತರದ ಕೆತ್ತನೆಯ ಮುಚ್ಚಳವಿದೆ, ಅದರ ತುದಿಯಲ್ಲಿ ಒಂದು ಪೆಲಿಕನ್ ಹಕ್ಕಿಯಿದೆ. ಡೌಸಿಂಗನು ಅದನ್ನು ಪೋಪನ ಕಿರೀಟಕ್ಕೆ ಹೋಲಿಸಿದರೂ ಅದರ ಅಂದವನ್ನು ತನ್ನ ದಿನಚರಿಯಲ್ಲಿ ಬರೆಯದೆ ಇರಲಾರದೆ ಹೋದನು. ಆ ಮುಚ್ಚಳವು ಇಂದಿಗೂ ಅಲ್ಲಿಯೇ ಇದೆ.

ಅವನ ವಿಷಯದಲ್ಲಿಯೂ ನ್ಯಾಯವನ್ನು ಬಿಡಬಾರದು. ವೆನ್‌ಹ್ಯಾಸ್ಟನಿಗೆ ಹತ್ತಿರದ ಬ್ಲೈತ್‌ಬರ್ಗ್ ದೇವಾಲಯದ ಮಾಳಿಗೆಯಲ್ಲಿ ರೆಕ್ಕೆ ಚಾಚಿದ ಮರದ ದೇವದೂತರಿದ್ದಾರೆ. ಅವರ ಮೈಯೆಲ್ಲಾ ಗುಂಡಿನ ಗಾಯ. ಇದು ಡೌಸಿಂಗನ ಜನರ ಕೆಲಸವೆಂದು ಬಹುಕಾಲ ಎಲ್ಲರೂ ಹೇಳಿಕೊಂಡು ಬಂದರು. ಆ ಸೀಸದ ಗುಂಡುಗಳನ್ನು ತೆಗೆದು ಪರೀಕ್ಷಿಸಿದಾಗ ಅವು 18ನೆಯ ಶತಮಾನದವೆಂದು ತಿಳಿಯಿತು. ಒಳಗೆ ಗೂಡು ಕಟ್ಟುತ್ತಿದ್ದ ಕಾಗೆಜಾತಿಯ ಹಕ್ಕಿಗಳನ್ನು ಹೊಡೆಯುವುದಕ್ಕೆ ಆ ಸಭೆಯವರೇ ಹಣ ಕೊಟ್ಟ ಲೆಕ್ಕವೂ ಪುಸ್ತಕದಲ್ಲಿತ್ತು. ಸತ್ತವನು ಎದ್ದು ಬಂದು ಪ್ರತಿವಾದ ಹೇಳಲಾರನಾದ್ದರಿಂದ ನಮ್ಮ ಹಕ್ಕಿಬೇಟೆಯ ಪಾಪವನ್ನೂ ಅವನ ತಲೆಗೇ ಕಟ್ಟುವುದು ಸುಲಭ. ಪೂರ್ವಿಕರನ್ನು ಕುರಿತು ತೀರ್ಪು ಹೇಳಲು ಕುಳಿತವರೆಲ್ಲರೂ, ನಾವೂ ಸೇರಿ, ಆ ಗುಂಡುಗಳನ್ನು ಜ್ಞಾಪಕದಲ್ಲಿಟ್ಟುಕೊಳ್ಳುವುದು ಒಳ್ಳೇದು.

ಹೀಗಿರಲಾಗಿ, ಚಿತ್ರವನ್ನು ಮುಚ್ಚಿದ್ದಕ್ಕಾಗಿ ನಾವು ವೆನ್‌ಹ್ಯಾಸ್ಟನಿನವರನ್ನು ದೂಷಿಸುವುದಿಲ್ಲ. ನಮ್ಮ ಮನಸ್ಸನ್ನು ಚುಚ್ಚುವುದು ಬೇರೆ ಸಂಗತಿ. ಅವರು ಮುಚ್ಚಿದ್ದು ಯಾರ ಮಾತಿನಿಂದ? 1548ರಲ್ಲಿ ಅರಸನು ತೆಗೆಯಿರಿ ಎಂದನು, ದೇಶದ ಸಭೆಗಳು ತೆಗೆದವು. 1553ರಲ್ಲಿ ರಾಣಿಯಾದ ಮೇರಿಯು ಪಟ್ಟಕ್ಕೆ ಬಂದು ಹಳೆಯದನ್ನೆಲ್ಲಾ ತಿರಿಗಿ ನಿಲ್ಲಿಸಿರಿ ಎಂದಳು, ನಿಲ್ಲಿಸಿದವು. 1558ರಲ್ಲಿ ಎಲಿಜಬೆತಳು ಬಂದ ಮೇಲೆ ಪುನಃ ತೆಗೆದವು. ನಾರ್‌ಫೊಕ್ ಸೀಮೆಯ ಲಡಮ್ ಎಂಬ ಊರಿನ ದೇವಾಲಯದ ಕಮಾನಿನಲ್ಲಿ ಇದಕ್ಕೆ ಸಾಕ್ಷಿಯಿದೆ: ಒಂದು ಬದಿಯಲ್ಲಿ ಶಿಲುಬೆಯ ಚಿತ್ರ, ಅದರ ಹಿಂಬದಿಗೆ ಎಲಿಜಬೆತಳ ರಾಜಲಾಂಛನ. ಹನ್ನೆರಡು ಹದಿಮೂರು ವರುಷಗಳೊಳಗೆ ಮೂರು ಸಾರಿ ಒಂದೇ ಜನರು ಒಂದೇ ಅಧ್ಯಾಯಕ್ಕೆ ವಿಧೇಯರಾದರು. ಅಧೀನರಾಗಿರಬೇಕೆಂಬ ವಚನವು ಮೂರು ಸಾರಿಯೂ ಅವರಿಗೆ ನೆರವಾಯಿತು. ಆ ಮೂರರೊಳಗೆ ಸರಿಯಾದದ್ದು ಯಾವದೆಂದು ಮಾತ್ರ ಅದೊಂದರಿಂದಲೇ ಅವರಿಗೆ ತಿಳಿಯುವಂತಿರಲಿಲ್ಲ.

ಅದೇ ಸಫೊಕ್ ಸೀಮೆಯ ಹ್ಯಾಡ್ಲಿ ಎಂಬ ಊರಿನ ಪಾದ್ರಿ ರೋಲಂಡ್ ಟೇಲರನು ಮೇರಿ ರಾಣಿಯ ಆಜ್ಞೆಯಂತೆ ಹಳೆಯ ಪೂಜೆಗೆ ತಿರುಗಲಾರೆನೆಂದು ಹೇಳಿ, 1555ರ ಫೆಬ್ರುವರಿ 9ರಂದು ತನ್ನ ಊರಿನ ಹತ್ತಿರ ಆಲ್ಡಮ್ ಬಯಲಿನಲ್ಲಿ ಸುಡಲ್ಪಟ್ಟನು. ಅವನೂ ರೋಮಾಪುರದವರ ಪತ್ರಿಕೆಯನ್ನು ಓದಿದ್ದವನೇ. 13ನೆಯ ಅಧ್ಯಾಯವನ್ನು ಅವನು ಅಲ್ಲಗಳೆಯಲಿಲ್ಲ. ಓಡಿಹೋಗುವುದಕ್ಕೆ ಅವಕಾಶವಿದ್ದರೂ ಓಡದೆ, ಕರೆದಾಗ ಹೋಗಿ, ಶಿಕ್ಷೆಗೆ ತನ್ನನ್ನು ಒಪ್ಪಿಸಿಕೊಟ್ಟನು; ಆದರೆ ಮನಸ್ಸಾಕ್ಷಿಯನ್ನು ಒಪ್ಪಿಸಲಿಲ್ಲ. ಅಧಿಕಾರಿಯ ಹಿಂದೆ ಇನ್ನೊಬ್ಬ ನ್ಯಾಯಾಧಿಪತಿಯನ್ನು ಕಂಡವನಿಗೆ ಹೊರತು ಬೇರೆಯವರಿಗೆ ಈ ವಿಂಗಡಣೆಯು ಸಾಧ್ಯವಿಲ್ಲ.

ನಾವು ಇಲ್ಲಿ ಒಂದು ಅರಿಕೆಯನ್ನು ಮಾಡಬೇಕು. ಉಪದೇಶಿಯ ಕೆಲಸದಲ್ಲಿ ಆ ಅಧ್ಯಾಯವನ್ನು ಸಭೆಯ ಮುಂದೆ ಅನೇಕ ಸಾರಿ ಓದಿದ್ದೇವೆ. ಓದಿದಾಗಲೆಲ್ಲಾ ಅದು ನಮ್ಮ ಮುಂದೆ ಚಾಪೆಯ ಮೇಲೆ ಕುಳಿತವರಿಗೆ ಸಂಬಂಧಪಟ್ಟದ್ದೆಂದೇ ಎಣಿಸಿ ವಿವರಿಸಿದೆವು. ತೆರಿಗೆ ಕೊಡುವವರಿಗೆ ಹೇಳಿದೆವು, ತೆಗೆದುಕೊಳ್ಳುವವರಿಗೆ ಏನನ್ನೂ ಹೇಳಲಿಲ್ಲ. ಅದೇ ವಚನಗಳಲ್ಲಿ ಪೌಲನು ಅಧಿಕಾರಿಯನ್ನು ದೇವರ ಸೇವಕನೆಂದು ಕರೆಯುತ್ತಾನೆ. ಸೇವಕನಾದರೆ ಯಜಮಾನನಿಗೆ ಲೆಕ್ಕ ಒಪ್ಪಿಸಬೇಕಷ್ಟೆ. ಮುಂದಿನ ಅಧ್ಯಾಯದಲ್ಲಿ, ನಾವೆಲ್ಲರೂ ದೇವರ ನ್ಯಾಯಾಸನದ ಮುಂದೆ ನಿಲ್ಲಬೇಕೆಂದು ಅವನು ಬಿಚ್ಚಿಯೇ ಹೇಳುತ್ತಾನೆ. ಅಪೊಸ್ತಲನು ಒಂದೇ ಪತ್ರಿಕೆಯಲ್ಲಿ ಬರೆದದ್ದರಲ್ಲಿ ಒಂದು ಭಾಗವು ವೆನ್‌ಹ್ಯಾಸ್ಟನಿನಲ್ಲಿ ಸುಣ್ಣದ ಮೇಲೆ ಇತ್ತು. ಇನ್ನೊಂದು ಭಾಗವು ಸುಣ್ಣದ ಕೆಳಗೆ, ಬಣ್ಣಗಳಲ್ಲಿ ಇತ್ತು. ಸುಮಾರು ಮುನ್ನೂರೈವತ್ತು ವರುಷ ಅಲ್ಲಿ ಸಭೆ ಕೂಡಿದವರು ಮೇಲಿನದನ್ನು ಮಾತ್ರ ಕಂಡರು. ಹಲಗೆಯ ಮೇಲೆ ಸುಣ್ಣವಿಲ್ಲದ ನಮ್ಮಂಥವರ ದೇವಾಲಯದಲ್ಲಿಯೂ, ಓದುವವನು ಅಧ್ಯಾಯವನ್ನು ಎಲ್ಲಿ ನಿಲ್ಲಿಸುತ್ತಾನೆಂಬದರಿಂದ ಅದೇ ಕೆಲಸವು ಆಗುವುದುಂಟು.

ಕಡೆಗೆ 1892ರ ಆ ಕೆಲಸಗಾರರ ವಿಷಯ. ಅವರೂ ಅವರಿಗೆ ಅಪ್ಪಣೆ ಕೊಟ್ಟವರೂ ಹಳೆಯ ದೇವಾಲಯವನ್ನು ಪ್ರೀತಿಸಿ ಅದನ್ನು ಉಳಿಸಬೇಕೆಂದು ಬಂದವರು. ಮಳೆ ಬಾರದಿದ್ದರೆ ಆ ಪ್ರೀತಿಯ ಕೈಯಿಂದಲೇ ಚಿತ್ರವು ಬೆಂಕಿಗೆ ಬೀಳುತ್ತಿತ್ತು. ಅದನ್ನು ಅಲ್ಲಿಯವರೆಗೆ ಹೊಗೆಯಿಂದಲೂ ಬಿಸಿಲಿನಿಂದಲೂ ಡೌಸಿಂಗನಂಥವರ ಸುತ್ತಿಗೆಯಿಂದಲೂ ಕಾಪಾಡಿದ್ದು, ಅದನ್ನು ದ್ವೇಷಿಸಿದವರೋ ಮರುಗಿದವರೋ ಬಳಿದ ಸುಣ್ಣವೇ. ಕಾರ್ಯದ ಫಲವನ್ನು ನೋಡಿ ಮಾಡಿದವನ ಮನಸ್ಸನ್ನು ಅಳೆಯಲಾಗದೆಂದು ಬಲ್ಲವರು ಹೇಳುತ್ತಾರೆ. ಈ ಹಲಗೆಗಳ ಮುಂದೆ ಆ ಮಾತನ್ನು ಒಪ್ಪದೆ ಗತಿಯಿಲ್ಲ.

ಹಲಗೆಗಳನ್ನು ತಿರಿಗಿ ಜೋಡಿಸಿ ದೇವಾಲಯದೊಳಗೆ ನಿಲ್ಲಿಸಿದ್ದಾರೆ. ಮಳೆಬಿಲ್ಲೂ ತಕ್ಕಡಿಯೂ ಕಿರೀಟದ ಬೆತ್ತಲೆಯವರೂ ಚೆನ್ನಾಗಿ ಕಾಣುತ್ತಾರೆ. ಆದರೆ ಆ ಜನಸಂದಣಿಯ ನಡುವೆ ಮೂರು ಕಡೆ ಬಣ್ಣವೇ ಇಲ್ಲ. ಒಂದು ದೊಡ್ಡ ಶಿಲುಬೆಯ ಆಕಾರ, ಅದರ ಎರಡು ಪಕ್ಕಗಳಲ್ಲಿ ನಿಂತ ಇಬ್ಬರ ಆಕಾರ, ಬರೀ ಮರ. ಕೆತ್ತಿದ ಪ್ರತಿಮೆಗಳು ಅಲ್ಲಿ ಹಲಗೆಗೆ ತಾಗಿ ನಿಂತಿದ್ದವಾದ್ದರಿಂದ ಚಿತ್ರಗಾರನು ಅವುಗಳ ಹಿಂದೆ ಬಣ್ಣ ಹಚ್ಚಲಿಲ್ಲ. ಆ ಪ್ರತಿಮೆಗಳನ್ನು ಕಿತ್ತವರು ಅವುಗಳನ್ನು ಮುಚ್ಚಿಡಲಿಲ್ಲ.